ಮಿಲ್ಟನ್ ಕವಿಯ ‘ಏರಿಯೋಪಜಿಟಿಕ’

ಗ್ರಂಥಗಳು ಅಚ್ಚಾಗುವ ಮುನ್ನವೇ ಪರೀಕ್ಷಕರ ಅಪ್ಪಣೆಯನ್ನು ಪಡೆಯತಕ್ಕುದೆಂದು ಇಂಗ್ಲೆಂಡಿನ ಪಾರ್ಲಿಮೆಂಟು 1643ರಲ್ಲಿ ವಿಧಿಸಿತು. ಮರುವರ್ಷ ಮಿಲ್ಟನ್ ಕವಿಯು ಅದನ್ನು ಖಂಡಿಸುವ ಈ ಗದ್ಯಪ್ರಬಂಧವನ್ನು ಅಪ್ಪಣೆಯಿಲ್ಲದೆಯೇ ಪ್ರಕಟಿಸಿದನು. ಬಯಲಿನಲ್ಲಿ ಸೆಣಸಿದರೆ ಸತ್ಯವು ಅಸತ್ಯಕ್ಕೆ ಸೋಲದೆಂಬುದೇ ಇದರ ತಿರುಳು. ವಾದವು ಭವ್ಯವಾದುದು, ಆದರೂ ನ್ಯೂನತೆಯಿಲ್ಲದುದಲ್ಲ. ಕ್ಯಾಥೊಲಿಕ್ ಮತಕ್ಕೆ ಈ ಸ್ವಾತಂತ್ರ್ಯವನ್ನು ಕೊಡಲು ಆತನು ಒಪ್ಪಲಿಲ್ಲ. 1651ರಲ್ಲಿ ತಾನೇ ವೃತ್ತಪತ್ರಿಕೆಯೊಂದರ ಪರೀಕ್ಷಕನಾದನು. ತನಗೆ ಒಪ್ಪದವನ ಮಾತಿನ ಮುಂದೆಯೇ ಅಲ್ಲವೆ ಇಂತಹ ತತ್ತ್ವವು ಒರೆಗೆ ಹತ್ತುವುದು?

ಈ ಪ್ರಶ್ನೆಯು ಇನ್ನೂ ತೀರಿಲ್ಲ. ಅಂದು ಪರೀಕ್ಷಕನ ಹೆಸರಾದರೂ ಗ್ರಂಥದಲ್ಲಿ ಅಚ್ಚಾಗುತ್ತಿದ್ದುದುಂಟು. ಇಂದು ಫೇಸ್‌ಬುಕ್, ಯೂಟ್ಯೂಬ್‌ಗಳಲ್ಲಿ ಜನರಾಡಿದ ಮಾತನ್ನು ಅಳಿಸಿದುದು ಮನುಷ್ಯನೋ ಯಂತ್ರವೋ, ಹಲವು ವೇಳೆ ತಿಳಿಯದು. ಹಿಂಸೆಗೆ ಪ್ರಚೋದಿಸುವ ಮಾತನ್ನು ತಡೆಯಬೇಕಾದುದು ನಿಜ. ತಡೆದವರು ಕಾರಣವನ್ನು ಹೇಳಿ, ಮರುಮಾತಿಗೂ ಕಿವಿಗೊಡುವುದು ಅಷ್ಟೇ ನ್ಯಾಯ.