ಮದುಮಗಳ ಗೆಳತಿ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಕೆಲಸಕ್ಕೆ ಸೇರಿ ಎರಡು ವರ್ಷವಾಗಿರುವ ಹುಡುಗಿ. ಅವಳ ಬಾಲ್ಯದ ಗೆಳತಿಗೆ ಮದುವೆ ಗೊತ್ತಾಗಿದೆ. ಮದುವೆಗೆ ಮುಂಚೆ ಗೆಳತಿಯರೆಲ್ಲ ಸೇರಿ ಮದುಮಗಳನ್ನು ಗೋವಾಕ್ಕೆ ಕರೆದೊಯ್ದು ಎರಡು ದಿನ ಸಂತೋಷವಾಗಿ ಕಳೆಯಬೇಕೆಂದು ಏರ್ಪಾಡು ನಡೆದಿದೆ. ಇದಕ್ಕೆ ‘ಬ್ಯಾಚುಲರೆಟ್ ಪಾರ್ಟಿ’ ಎಂದು ಹೆಸರು. ಏರ್ಪಾಡಿನ ಪಟ್ಟಿ ಅವಳ ಮೊಬೈಲಿನಲ್ಲಿತ್ತು, ತೋರಿಸಿದಳು. ವಿಮಾನದ ಟಿಕೆಟ್ಟು, ಈಜುಕೊಳವಿರುವ ಬಾಡಿಗೆ ಮನೆ, ಎಲ್ಲರಿಗೂ ಒಂದೇ ಬಣ್ಣದ ಉಡುಪು, ಫೋಟೋ ತೆಗೆಯುವವರ ಸಂಭಾವನೆ, ಎಲ್ಲಕ್ಕೂ ತಲಾ ಇಷ್ಟೆಂದು ಲೆಕ್ಕ ಹಾಕಿತ್ತು. “ಮೇಡಂ, ನನ್ನ ಪಾಲಿಗೆ ಬರೋದು ನನ್ನ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ. ಬರೋಲ್ಲ ಅಂದ್ರೆ ಅವಳ ಮೇಲೆ ನನಗೆ ಪ್ರೀತೀನೇ ಇಲ್ಲ ಅಂದ್ಕೋತಾರೆ. ಏನ್ ಮಾಡ್ಲಿ?” ಎಂದು ಕೇಳಿದಳು.

ನನ್ನ ವಯಸ್ಸಿನವರಿಗೆ ಇಂಥ ಸಮಯದಲ್ಲಿ ಬಾಯಿಗೆ ಬರುವ ಮಾತು ಯಾವುದೆಂದು ಓದುಗರಿಗೆ ತಿಳಿದೇ ಇದೆ. ಪರದೇಶದ ಅನುಕರಣೆ, ಹಣದ ದುಂದು, ನಮ್ಮ ಕಾಲದಲ್ಲಿ ಇದೆಲ್ಲ ಇತ್ತೇ, ಇತ್ಯಾದಿ. ಆ ಮಾತು ನನ್ನ ನಾಲಿಗೆಯ ತುದಿಗೂ ಬಂದಿತ್ತು. ಆದರೆ ಹುಡುಗಿ ಕೇಳಿದ್ದು ಸಂಪ್ರದಾಯದ ಪ್ರಶ್ನೆಯನ್ನಲ್ಲ, ಸ್ನೇಹದ ಪ್ರಶ್ನೆಯನ್ನು. ಆ ಪ್ರಶ್ನೆಯನ್ನೇ ವಸ್ತುವಾಗಿ ಮಾಡಿಕೊಂಡ ಒಂದು ಚಲಚ್ಚಿತ್ರವನ್ನು ನಾನು ಹಿಂದೆ ನೋಡಿದ್ದೆ. ಅವಳು ಹೋದ ಮೇಲೆ ಅದನ್ನು ಇನ್ನೊಮ್ಮೆ ನೋಡಿದೆ. ಅದರ ವಿಚಾರವಾಗಿ ನಾಲ್ಕು ಮಾತು ಬರೆಯಬೇಕೆನಿಸಿತು.

ಚಿತ್ರದ ಹೆಸರು ‘ಬ್ರೈಡ್ಸ್‌ಮೇಡ್ಸ್’, ಎಂದರೆ ಮದುಮಗಳ ಸಖಿಯರು. 2011ರಲ್ಲಿ ಅಮೆರಿಕದಲ್ಲಿ ತೆರೆಕಂಡದ್ದು. ನಿರ್ದೇಶಕ ಪಾಲ್ ಫೀಗ್. ಕಥೆ, ಸಂಭಾಷಣೆ ಬರೆದವರು ಕ್ರಿಸ್ಟನ್ ವಿಗ್ ಮತ್ತು ಆನಿ ಮುಮೋಲೊ ಎಂಬ ಇಬ್ಬರು ಹೆಂಗಸರು. ಮುಖ್ಯ ಪಾತ್ರವನ್ನು ವಹಿಸಿದವಳೂ ವಿಗ್. ಇವರ ಬರವಣಿಗೆ ಮರುವರ್ಷ ಆಸ್ಕರ್ ಪ್ರಶಸ್ತಿಯ ಸ್ಪರ್ಧೆಯವರೆಗೆ ಹೋಯಿತು. ನಗೆಯ ಚಿತ್ರವೆಂದು ಜನ ನೋಡಿದರು, ನಕ್ಕರು. ನಗುವಿನ ಅಡಿಯಲ್ಲಿದ್ದ ನೋವನ್ನು ಎಷ್ಟು ಜನ ಗಮನಿಸಿದರೋ ಹೇಳಲಾರೆ.

ಆ ದೇಶದ ಪದ್ಧತಿಯನ್ನು ಮೊದಲು ಹೇಳಬೇಕು. ಅಲ್ಲಿ ಮದುಮಗಳು ತನ್ನ ಗೆಳತಿಯರಲ್ಲಿ ಕೆಲವರನ್ನು ಸಖಿಯರೆಂದು ಆರಿಸಿಕೊಳ್ಳುತ್ತಾಳೆ. ಅವರಲ್ಲಿ ಒಬ್ಬಳು ಪ್ರಧಾನ ಸಖಿ. ಮದುವೆಯ ದಿನ ಪಕ್ಕದಲ್ಲಿ ನಿಲ್ಲುವುದಷ್ಟೇ ಅವಳ ಕೆಲಸವಲ್ಲ. ಮದುಮಗಳಿಗೆ ಉಡುಗೊರೆ ಕೊಡುವ ಕೂಟ, ಮದುವೆಗೆ ಮುಂಚಿನ ಗೆಳತಿಯರ ಔತಣ, ಇವುಗಳನ್ನು ಏರ್ಪಡಿಸುವ ಹೊಣೆಯೂ ರೂಢಿಯಿಂದ ಅವಳದೇ. ಗಂಡಸರು ಮದುಮಗನಿಗೆ ಮಾಡುವ ‘ಬ್ಯಾಚುಲರ್ ಪಾರ್ಟಿ’ ಹಳೆಯದು. ಹೆಂಗಸರದು ಅದಕ್ಕೆ ಜೋಡಿಯಾಗಿ ಈಚೆಗೆ ಬೆಳೆದದ್ದು. ಇಂಗ್ಲೆಂಡಿನಲ್ಲಿ ಇದನ್ನೇ ‘ಹೆನ್ ನೈಟ್’, ಹೇಂಟೆಗಳ ರಾತ್ರಿ, ಎಂದು ಕರೆಯುತ್ತಾರೆ.

ಚಿತ್ರದ ನಾಯಕಿ ಆನಿ ಮಿಲ್ವಾಕಿ ಊರಿನವಳು. ಕೇಕಿನ ಅಂಗಡಿ ಇಟ್ಟಿದ್ದಳು. ವ್ಯಾಪಾರ ಕುಸಿದ ಕಾಲದಲ್ಲಿ ಅದು ಮುಚ್ಚಿಹೋಯಿತು. ಈಗ ಒಂದು ಒಡವೆಯ ಅಂಗಡಿಯಲ್ಲಿ ನಿಂತು ನಿಶ್ಚಿತಾರ್ಥದ ಉಂಗುರ ಮಾರುತ್ತಾಳೆ. ಇಂಥವಳನ್ನು ಬಾಲ್ಯದ ಗೆಳತಿ ಲಿಲಿಯನ್ ತನ್ನ ಪ್ರಧಾನ ಸಖಿಯಾಗೆಂದು ಕೇಳುತ್ತಾಳೆ. ಅಲ್ಲಿಗೆ ಹೆಲೆನ್ ಎಂಬವಳು ಬರುತ್ತಾಳೆ. ಇವಳು ವರನ ಮೇಲಧಿಕಾರಿಯ ಹೆಂಡತಿ. ರೂಪವತಿ, ಸಿರಿವಂತೆ, ಅಚ್ಚುಕಟ್ಟಿನವಳು. ಲಿಲಿಯನ್‌ಳ ಪರಿಚಯ ಇವಳಿಗೆ ಆಗಿರುವುದು ಈಚೆಗೆ. ನಿಶ್ಚಿತಾರ್ಥದ ಕೂಟದಲ್ಲಿ ಆನಿ ಧ್ವನಿವರ್ಧಕ ಹಿಡಿದು ಗೆಳತಿಗೆ ಶುಭ ಕೋರುತ್ತಾಳೆ. ಹೆಲೆನ್ ಅದನ್ನು ತೆಗೆದುಕೊಂಡು ಇನ್ನೂ ಚೆನ್ನಾಗಿ ಕೋರುತ್ತಾಳೆ. ಆನಿ ಮತ್ತೆ ಕಿತ್ತುಕೊಳ್ಳುತ್ತಾಳೆ. ಕೊನೆಯ ಮಾತು ತನ್ನದೇ ಆಗಬೇಕೆಂಬ ಹಟ ಇಬ್ಬರಿಗೂ. ಹಾಡಿನವರೆಗೆ ಹೋಗುವ ಈ ಸ್ಪರ್ಧೆಯಲ್ಲಿ ನಗು ಬರುವುದು ಸಹಜ. ಪ್ರೀತಿಯನ್ನು ಸಭೆಯಲ್ಲಿ ತೂಗಿ ತೋರಿಸಬೇಕಾದಾಗ ಅದು ಎಷ್ಟು ಬಡವಾಗುತ್ತದೆಂಬುದನ್ನೂ ಆ ನಗುವೇ ಹೇಳುತ್ತದೆ.

ಮುಂದಿನ ಕಥೆಯೆಲ್ಲ ಹಣದ ಮೇಲೆ ನಡೆಯುತ್ತದೆ, ಆದರೆ ಯಾರೂ ಹಣದ ಮಾತಾಡುವುದಿಲ್ಲ. ಇದೇ ಈ ಚಿತ್ರದ ಮುಖ್ಯ ಗುಣವೆಂದು ನನ್ನ ಅಭಿಪ್ರಾಯ. ಆನಿ ಸಖಿಯರನ್ನು ಊಟಕ್ಕೆ ಕರೆದೊಯ್ಯುವುದು ತನ್ನ ಕೈಗೆ ನಿಲುಕುವ ಒಂದು ಸಣ್ಣ ಹೋಟೆಲಿಗೆ. ಅಲ್ಲಿಂದ ಅವರು ದುಬಾರಿ ಉಡುಪಿನ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಎಲ್ಲರ ಹೊಟ್ಟೆಯೂ ಕೆಡುತ್ತದೆ. ಮಾಂಸ ತಿನ್ನದೆ ಉಳಿದ ಹೆಲೆನ್ ಒಬ್ಬಳು ನೆಟ್ಟಗಿರುತ್ತಾಳೆ. ಆನಿ ಬೆವರಿನಲ್ಲಿ ತೊಯ್ದು ನಿಂತು ತನಗೇನೂ ಆಗಿಲ್ಲವೆಂದು ಸಾಧಿಸಲು, ಹೆಲೆನ್ ನೀಡಿದ ಸಕ್ಕರೆ ಲೇಪದ ಬಾದಾಮಿಯನ್ನು ಬಾಯಿಗೆ ಹಾಕಿಕೊಳ್ಳುತ್ತಾಳೆ. ದೃಶ್ಯವನ್ನು ನಿರ್ದೇಶಕರು ಬೇಕಾದುದಕ್ಕಿಂತ ಹೆಚ್ಚು ಎಳೆದಿದ್ದಾರೆ. ಹಾಸ್ಯ ಬೀಭತ್ಸಕ್ಕೆ ಇಳಿದಿದೆ. ಔಚಿತ್ಯ ಬಲ್ಲವರು ಇದನ್ನು ಒಪ್ಪಲಾರರು. ಆದರೆ ಆ ಒಂದು ಬಾದಾಮಿ ಮಾತ್ರ ಮರೆಯುವಂಥದಲ್ಲ. ಬಡತನವನ್ನು ಮುಚ್ಚಿಕೊಳ್ಳಲು ನಾವೆಲ್ಲ ಒಂದಲ್ಲ ಒಂದು ದಿನ ಅದನ್ನು ತಿಂದವರೇ.

ಇನ್ನು ಬ್ಯಾಚುಲರೆಟ್ ಪಾರ್ಟಿಯ ಏರ್ಪಾಡು. ಸರೋವರದ ದಂಡೆಯ ಒಂದು ಮನೆಯಲ್ಲಿ ಗೆಳತಿಯರೆಲ್ಲ ಸೇರಿ ಸುಮ್ಮನೆ ಇದ್ದು ಬರೋಣವೆಂಬುದು ಆನಿಯ ಸೂಚನೆ. ಹೆಲೆನ್‌ಳದು ಲಾಸ್ ವೇಗಸ್. ಎಲ್ಲರ ಒಲವೂ ಅತ್ತ ಹೊರಳುತ್ತದೆ. ಉಳಿದವರು ವಿಮಾನದ ಮೊದಲ ದರ್ಜೆಯಲ್ಲಿ ಕುಳಿತರೆ, ಆನಿ ಹೆಲೆನ್‌ಳ ಹಣವನ್ನು ಬೇಡವೆಂದು ಹಿಂದಿನ ಸಾಮಾನ್ಯ ದರ್ಜೆಯಲ್ಲಿ ಒಬ್ಬಳೇ ಕೂರುತ್ತಾಳೆ. ಗೆಳತಿಯರ ನಡುವೆ ಒಂದು ಪರದೆ ಬಂತು. ಮುಂದೆ ಹೋದಾಗಲೆಲ್ಲ ವಿಮಾನದ ಸಿಬ್ಬಂದಿ ಆನಿಯನ್ನು ಹಿಂದಕ್ಕೆ ಕಳಿಸುತ್ತಾರೆ. ವಿಮಾನದ ಭಯಕ್ಕೆಂದು ಹೆಲೆನ್ ಕೊಟ್ಟ ಮಾತ್ರೆ, ಅದರ ಮೇಲೆ ಮದ್ಯ. ಆನಿಗೆ ಮತಿ ಕೆಟ್ಟು ದೊಡ್ಡ ರಂಪವಾಗುತ್ತದೆ. ವಿಮಾನವನ್ನು ದಾರಿಯಲ್ಲೇ, ವಯೋಮಿಂಗ್ ರಾಜ್ಯದ ಕ್ಯಾಸ್ಪರ್ ಊರಿನಲ್ಲಿ, ಇಳಿಸುತ್ತಾರೆ. ಎಲ್ಲರೂ ಬಸ್ಸು ಹತ್ತಿ ಮನೆಗೆ ವಾಪಸು. ಆ ಬಸ್ಸಿನಲ್ಲೇ ಲಿಲಿಯನ್, ಇನ್ನು ಮೇಲೆ ಏರ್ಪಾಡನ್ನೆಲ್ಲ ಹೆಲೆನ್ ನೋಡಿಕೊಳ್ಳಲಿ ಎಂದು ಆನಿಗೆ ಮೆಲ್ಲಗೆ ಹೇಳುತ್ತಾಳೆ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಮದುವೆಯ ಮುಂಚಿನ ಔತಣವನ್ನು ಕುರಿತ ಈ ಚಿತ್ರದಲ್ಲಿ ಆ ಔತಣ ನಡೆಯುವುದೇ ಇಲ್ಲ. ಏರ್ಪಾಡು ಮಾತ್ರ ನಡೆಯುತ್ತದೆ. ಇದು ಕಥೆಗಾರ್ತಿಯರ ಮರೆವಲ್ಲ. ಔತಣ ಯಾವುದಕ್ಕಾಗಿ ಹುಟ್ಟಿತೋ ಅದು ಕೊನೆಗೆ ಬೇರೊಂದು ಕಡೆ, ಬೇರೊಂದು ಬಗೆಯಲ್ಲಿ ನಡೆಯುತ್ತದೆ. ಮದುವೆಯ ದಿನ ಮದುಮಗಳೇ ಕಾಣೆಯಾಗುತ್ತಾಳೆ. ಅಚ್ಚುಕಟ್ಟಿನ ಹೆಲೆನ್ ದಿಕ್ಕು ತೋಚದೆ ಆನಿಯ ಬಾಗಿಲಿಗೆ ಬರುತ್ತಾಳೆ. ತನಗೆ ನಿಜವಾದ ಗೆಳತಿಯರೇ ಇಲ್ಲವೆಂದು ಅಳುತ್ತಾಳೆ. ಲಿಲಿಯನ್ ಇರುವುದು ತನ್ನ ಹಳೆಯ ಮನೆಯಲ್ಲಿ, ಹಾಸಿಗೆಯಲ್ಲಿ. ಮದುವೆ ತನ್ನ ಕೈಮೀರಿ ಬೆಳೆದುಬಿಟ್ಟಿತೆಂಬ ದಿಗಿಲು ಅವಳಿಗೆ. ಆ ಹಾಸಿಗೆಯ ಮೇಲೆ ಇಬ್ಬರು ಗೆಳತಿಯರು ಆಡುವ ಕೆಲವು ಮಾತುಗಳಿಗೆ ಬಾಡಿಗೆ ಮನೆ ಬೇಕಾಗಿಲ್ಲ, ವಿಮಾನವೂ ಬೇಕಾಗಿಲ್ಲ. ಚಿತ್ರದ ನಿಜವಾದ ಬ್ಯಾಚುಲರೆಟ್ ಪಾರ್ಟಿ ಅದೇ.

ಇದನ್ನು ನೋಡುತ್ತಿದ್ದಾಗ ನನಗೆ ನೆನಪಾದದ್ದು ಶಾಕುಂತಲದ ನಾಲ್ಕನೆಯ ಅಂಕ. ಬಸವಪ್ಪ ಶಾಸ್ತ್ರಿಗಳ ಕನ್ನಡದ ಮೂಲಕವೂ ಆ ನಾಟಕ ನಮ್ಮವರಿಗೆ ಹತ್ತಿರವಾದುದು. ಎಲ್ಲಿಯ ಕಣ್ವಾಶ್ರಮ, ಎಲ್ಲಿಯ ಮಿಲ್ವಾಕಿ ಎಂದು ಓದುಗರು ನಗಬಹುದು. ಆದರೆ ಗಂಡನ ಮನೆಗೆ ಹೊರಟ ಹುಡುಗಿಯನ್ನು ಸಿಂಗರಿಸುವ ಸಖಿಯರ ಏರ್ಪಾಡನ್ನು ಕಾಳಿದಾಸನಷ್ಟು ಕಣ್ಣಿಟ್ಟು ನೋಡಿದ ಕವಿ ಅಪೂರ್ವ. ಈ ದಿನಕ್ಕೆಂದೇ ಅನಸೂಯೆ ಒಂದು ಬಕುಳದ ಮಾಲೆಯನ್ನು ತೆಂಗಿನ ಕರಟದ ಭರಣಿಯಲ್ಲಿಟ್ಟು ಮಾವಿನ ಕೊಂಬೆಗೆ ತೂಗುಹಾಕಿದ್ದಾಳೆ. ಮರಗಳು ಪಟ್ಟೆಯನ್ನೂ ಒಡವೆಗಳನ್ನೂ ಕೊಟ್ಟಾಗ, ಒಡವೆ ತೊಟ್ಟು ಅರಿಯದ ಆ ಹುಡುಗಿಯರು ಚಿತ್ರಗಳಲ್ಲಿ ಕಂಡದ್ದನ್ನು ನೆನೆದು ತೊಡಿಸುತ್ತಾರೆ. ಇನ್ನು ಮುಂದೆ ಸಖಿಯರ ಕೈಯ ಸಿಂಗಾರ ತನಗೆ ಸಿಕ್ಕದೆಂದು ಶಕುಂತಲೆ ಕಣ್ಣೀರಿಡುತ್ತಾಳೆ. ದೂರ್ವಾಸರ ಶಾಪದ ಸಂಗತಿ ಸಖಿಯರಿಬ್ಬರಿಗೇ ಗೊತ್ತು. ಮೃದು ಸ್ವಭಾವದವಳೆಂದು ಅವಳಿಗೆ ಹೇಳದೆ, ಆ ಭಾರವನ್ನು ತಾವೇ ಹೊತ್ತುಕೊಂಡು ಅವಳಿಗೆ ಹೂ ಮುಡಿಸುತ್ತಾರೆ.

ಹೊರಡುವಾಗ ಶಕುಂತಲೆ ತನ್ನ ಪ್ರೀತಿಯ ಬಳ್ಳಿಯನ್ನು ಸಖಿಯರ ಕೈಗೆ ಒಪ್ಪಿಸುತ್ತಾಳೆ. ಆಗ ಅವರು, ನಮ್ಮನ್ನು ಯಾರ ಕೈಗೆ ಒಪ್ಪಿಸಿದೆಯೆಂದು ಕೇಳಿ ಅಳುತ್ತಾರೆ. ಕಣ್ವರು ಅವರನ್ನು ಸುಮ್ಮನಿರಿಸುತ್ತಾರೆ. ಆ ಪ್ರಶ್ನೆಗೆ ನಾಟಕದಲ್ಲಿ ಉತ್ತರವಿಲ್ಲ. ಆ ಅಂಕ ಮುಗಿದ ಮೇಲೆ ಅನಸೂಯೆಯೂ ಪ್ರಿಯಂವದೆಯೂ ಮತ್ತೆ ರಂಗಕ್ಕೆ ಬರುವುದಿಲ್ಲ. ಕಾವ್ಯದಲ್ಲಿ ಉಪೇಕ್ಷೆಗೊಳಗಾದ ಹೆಂಗಸರನ್ನು ಕುರಿತ ತಮ್ಮ ಪ್ರಬಂಧದಲ್ಲಿ ರವೀಂದ್ರನಾಥ ಠಾಕೂರರು ಊರ್ಮಿಳೆಯ ಜೊತೆಗೆ ಈ ಇಬ್ಬರನ್ನೂ ನೆನೆದದ್ದು ಸುಮ್ಮನಲ್ಲ.

ನಮ್ಮ ಮದುವೆಯ ಶಾಸ್ತ್ರಗಳಲ್ಲಿಯೂ ಹೀಗೆಯೇ. ಅರಿಶಿನ ಹಚ್ಚುವುದು ಮುತ್ತೈದೆಯರು; ಧಾರೆ ಎರೆಯುವುದು ತಂದೆತಾಯಿ; ಕಾಲುಂಗುರಕ್ಕೆ, ಬಾಸಿಂಗಕ್ಕೆ ಸೋದರಮಾವನೋ ಅತ್ತಿಗೆಯೋ ಯಾರೋ ಒಬ್ಬರು ನೆಂಟರು ಇದ್ದಾರೆ. ಬೀಗರನ್ನು ಗೇಲಿ ಮಾಡುವುದಕ್ಕೂ ಹಾಡುಂಟು, ಹೆಣ್ಣು ಒಪ್ಪಿಸುವುದಕ್ಕೂ ಹಾಡುಂಟು. ಹಲಸಂಗಿಯ ಗೆಳೆಯರು ಕೂಡಿಸಿಕೊಟ್ಟ ‘ಗರತಿಯ ಹಾಡು’ ತೆರೆದರೆ ತವರು, ತಾಯಿ, ಅಣ್ಣತಮ್ಮಂದಿರಿಗಾಗಿ ಹರಿದಷ್ಟು ಕಣ್ಣೀರು ಗೆಳತಿಗಾಗಿ ಹರಿದಿಲ್ಲ. ಜೊತೆಯಲ್ಲಿ ಓದಿ, ಒಂದೇ ಡಬ್ಬಿಯಲ್ಲಿ ಉಂಡು, ಗುಟ್ಟು ಹಂಚಿಕೊಂಡ ಮದುವೆಯಾಗದ ಗೆಳತಿ ಮಂಟಪದ ಕಂಬದ ಹತ್ತಿರ ನಿಂತು ಅಕ್ಷತೆ ಹಾಕಿ ಊಟ ಮಾಡಿ ಹೋಗಬೇಕು. ಅವಳ ಪಾಲಿಗೆ ಒಂದು ಶಾಸ್ತ್ರವಿಲ್ಲ.

ಆದುದರಿಂದ ಈ ಹೊಸ ಪಾರ್ಟಿಯನ್ನು ಕೇವಲ ಅನುಕರಣೆಯೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಇದು ಗೆಳತಿಯೇ ಪುರೋಹಿತಳಾಗಿರುವ ಶಾಸ್ತ್ರ. ‘ನಮ್ಮನ್ನು ಯಾರ ಕೈಗೆ ಒಪ್ಪಿಸಿದೆ’ ಎಂಬ ಹಳೆಯ ಪ್ರಶ್ನೆಗೆ ಸ್ಥಳ ಕೊಡುವ ಒಂದು ಪ್ರಯತ್ನ. ಕಾಳಿದಾಸ ಒಂದು ಮಾತಿನಲ್ಲಿ ಹೇಳಿ ಬಿಟ್ಟುದನ್ನು ‘ಬ್ರೈಡ್ಸ್‌ಮೇಡ್ಸ್’ ಇಡೀ ಕಥೆಯಾಗಿ ಬೆಳೆಸಿದೆ. ಉಳಿದುಹೋಗುವವಳ ಕಣ್ಣಿನಿಂದ ಮದುವೆಯನ್ನು ನೋಡಿದೆ. ಇದು ಅದರ ಹಿರಿಮೆ. ಆದರೆ ಅನಸೂಯೆಯ ಮಾಲೆ ಅವಳ ಕೈಯಾರೆ ಕೂಡಿಟ್ಟದ್ದು. ಈಗಿನ ಪಟ್ಟಿಯಲ್ಲಿರುವುದೆಲ್ಲ ಕೊಂಡದ್ದು, ಬಾಡಿಗೆಗೆ ತಂದದ್ದು. ಚಿತ್ರದ ಉಡುಗೊರೆಯ ಕೂಟದಲ್ಲಿ ಆನಿ ಬಾಲ್ಯದ ನೆನಪಿನ ಸಾಮಾನುಗಳನ್ನು ಒಂದು ಪೆಟ್ಟಿಗೆಯಲ್ಲಿ ಜೋಡಿಸಿ ತಂದಿರುತ್ತಾಳೆ. ಹೆಲೆನ್ ಪ್ಯಾರಿಸ್ ಪ್ರವಾಸವನ್ನೇ ಕೊಟ್ಟುಬಿಡುತ್ತಾಳೆ. ಕೂಟವನ್ನು ಪ್ಯಾರಿಸ್ಸಿನಂತೆ ಅಲಂಕರಿಸಬೇಕೆಂಬ ಯೋಚನೆಯೂ ಮೊದಲು ಆನಿಯದೇ ಆಗಿತ್ತು. ಸಂತೋಷದಿಂದ ಕುಣಿಯುವ ಲಿಲಿಯನ್‌ಳನ್ನು ನೋಡಿ ಆನಿ ಕೂಗಾಡಿ ಕೂಟವನ್ನೇ ಕೆಡಿಸುತ್ತಾಳೆ. ಅವಳ ನಡತೆಯನ್ನು ಮೆಚ್ಚಲಾಗದು. ಆದರೆ ಅವಳ ಸಂಕಟ ತಿಳಿಯದಿರಲೂ ಆಗದು.

ಚಿತ್ರದ ದೊಡ್ಡ ದೋಷವಿರುವುದು ಅಂತ್ಯದಲ್ಲಿ. ಎಲ್ಲರೂ ರಾಜಿಯಾಗುತ್ತಾರೆ, ಮದುವೆ ಹೆಲೆನ್ ಏರ್ಪಡಿಸಿದಂತೆಯೇ, ಅದೇ ವೈಭವದಲ್ಲಿ, ಹೆಸರಾಂತ ಗಾಯಕಿಯರ ಹಾಡಿನೊಡನೆ ನಡೆಯುತ್ತದೆ. ಇಡೀ ಕಥೆ ಯಾವ ಆಡಂಬರವನ್ನು ನೋಡಿ ನಕ್ಕಿತೋ ಅದರ ಮುಂದೆಯೇ ಕೊನೆಗೆ ಎಲ್ಲರೂ ಕುಣಿಯುತ್ತಾರೆ. ಆನಿಯ ಅಂಗಡಿ ಮತ್ತೆ ತೆರೆಯುವುದಿಲ್ಲ. ಅವಳ ಕೈಯಲ್ಲಿ ಹಣವಿಲ್ಲದ ಸಂಗತಿಯನ್ನು ಗೆಳತಿಯರು ಕುಳಿತು ಮಾತಾಡುವುದಿಲ್ಲ. ಲಿಲಿಯನ್ ಒಂದೇ ಒಂದು ಸಲ, ನಿನಗೆ ಇದು ಹೊರೆಯಾಗುತ್ತದೆಯೇ ಎಂದು ಕೇಳಿದ್ದರೆ ಅರ್ಧ ಕಥೆ ನಡೆಯುತ್ತಿರಲಿಲ್ಲ. ಕೇಳದಿರುವುದು ಲಿಲಿಯನ್‌ಳ ತಪ್ಪಾದರೆ ಅದು ಸಹಜ. ಕೇಳಬೇಕಾಗಿತ್ತೆಂದು ಕಥೆಗೇ ತೋರದಿರುವುದು ಕಥೆಯ ಕೊರತೆ.

ನನ್ನ ವಿದ್ಯಾರ್ಥಿನಿಗೆ ಕೊಟ್ಟ ಉತ್ತರವನ್ನು ಹೇಳಿ ಮುಗಿಸುತ್ತೇನೆ. ‘ಬರುವುದಿಲ್ಲ’ ಎಂದು ಆ ಗುಂಪಿಗೆ ಬರೆಯಬೇಡ, ಮದುಮಗಳ ಮನೆಗೆ ಹೋಗಿ ಅವಳೊಬ್ಬಳಿಗೇ ನಿನ್ನ ಲೆಕ್ಕ ಹೇಳು ಎಂದೆ. ಆನಿ ಮಾಡದಿದ್ದ ಕೆಲಸ ಅದೊಂದೇ. ಹುಡುಗಿ ಹೋಗಿ ಹೇಳಿದಳಂತೆ. ಮದುಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ತಂದೆಗೂ ಮದುವೆಯ ಸಾಲ ಎಷ್ಟಾಗಿದೆಯೆಂದು ಹೇಳಿದಳಂತೆ. ಗೋವಾ ಪ್ರವಾಸ ರದ್ದಾಗಿಲ್ಲ, ಇವಳು ಹೋಗುತ್ತಿಲ್ಲ. ಹಿಂದಿನ ಭಾನುವಾರ ಮದುಮಗಳು ಇವಳ ಮನೆಗೆ ಬಂದು ರಾತ್ರಿ ಉಳಿದು ಹೋದಳೆಂದು ತಿಳಿಯಿತು. ಏನು ಮಾತಾಡಿದಿರೆಂದು ನಾನು ಕೇಳಲಿಲ್ಲ.