ಅಡೆಯ ಚಹ: ಒಂದು ಪಾಕವಿಚಾರ

ನಮ್ಮ ಕಾವ್ಯವಿಮರ್ಶೆಯು ತನ್ನ ಮುಖ್ಯ ಪರಿಭಾಷೆಯನ್ನು ನಾಲಗೆಯಿಂದಲೇ ಕಡ ತಂದಿದೆ. ರಸ, ರುಚಿ, ಆಸ್ವಾದ, ಪಾಕ ಎಂಬ ಮಾತುಗಳು ಮೊದಲು ಅಡುಗೆಮನೆಯವು. ಅಲಂಕಾರಶಾಸ್ತ್ರಕ್ಕೆ ಬಂದುದು ಆಮೇಲೆ. ತಂದ ಸಾಲವನ್ನು ಒಮ್ಮೆಯಾದರೂ ಹಿಂದಿರುಗಿಸುವುದು ನ್ಯಾಯ. ಆದುದರಿಂದ ಚೀನದ ಯುನ್ನಾನ್ ಪ್ರಾಂತದ ಅಗ್ಗದ, ವಯಸ್ಸಿನಲ್ಲಿ ಎಳೆಯದಾದ ಒಂದು ‘ಪಕ್ವ ಪು-ಎರ್’ ಚಹವನ್ನು ಇಲ್ಲಿ ಕೃತಿಯೆಂದು ಭಾವಿಸಿ ಅದರ ಗುಣದೋಷಗಳನ್ನು ಪರಿಶೀಲಿಸೋಣ.

ಯುನ್ನಾನಿನ ದೊಡ್ಡೆಲೆಯ ಚಹವನ್ನು ಬಾಣಲೆಯಲ್ಲಿ ಬಾಡಿಸಿ, ಹೊಸೆದು, ಬಿಸಿಲಿನಲ್ಲಿ ಒಣಗಿಸಿ, ಹಬೆಯಲ್ಲಿ ಮೆತ್ತಗಾಗಿಸಿ ಬಿಲ್ಲೆಯಾಗಿ ಒತ್ತುತ್ತಾರೆ. 357 ಗ್ರಾಂ ಎಂಬುದು ಬಿಲ್ಲೆಯ ರೂಢಿಯ ತೂಕ. ಹೀಗೆ ಒತ್ತಿದ ಹಸಿ ಚಹ ತನ್ನ ಕಹಿಯನ್ನೂ ಒಗರನ್ನೂ ನೀಗಿಕೊಂಡು ಮೃದುವಾಗಬೇಕಾದರೆ ಎಷ್ಟೋ ವರ್ಷಗಳು ಸಲ್ಲಬೇಕು. ಅಷ್ಟು ಕಾಯುವ ವ್ಯವಧಾನ ಪೇಟೆಗಿಲ್ಲ. 1973ರಲ್ಲಿ ಕುನ್‌ಮಿಂಗಿನ ಚಹ ಕಾರ್ಖಾನೆಯವರು ಇದಕ್ಕೊಂದು ಉಪಾಯ ಕಂಡುಕೊಂಡರು. ಎಲೆಯನ್ನು ರಾಶಿ ಹಾಕಿ, ನೀರು ಚಿಮುಕಿಸಿ, ಮೇಲೆ ಹೊದಿಸಿ, ಆಗಾಗ ಮಗುಚುತ್ತ ಬಂದರೆ ಒಳಗಿನ ಕಾವಿನಿಂದಲೂ ಸೂಕ್ಷ್ಮಜೀವಿಗಳಿಂದಲೂ ಒಂದೂವರೆ ಎರಡು ತಿಂಗಳೊಳಗೆ ಎಲೆ ಕಪ್ಪಾಗಿ ಪಕ್ವವಾಗುತ್ತದೆ.

ಇದು ಕೃತಕ ಮುಪ್ಪು, ಆದ ಕಾರಣ ಹುಸಿ ಎಂಬ ಆಕ್ಷೇಪ ಉಂಟು. ಆದರೆ ಮಾವಿನಕಾಯಿಯನ್ನು ಹುಲ್ಲಿನಲ್ಲಿ ಅಡೆ ಹಾಕುವ ನಾವು ಈ ಆಕ್ಷೇಪವನ್ನು ಎತ್ತಲಾರೆವು. ಹುಲ್ಲು ಹಣ್ಣಿಗೆ ಸಿಹಿಯನ್ನು ಬಳಿಯುವುದಿಲ್ಲ. ಹಣ್ಣು ತಾನೇ ಮಾಡಬೇಕಾದ ಕೆಲಸಕ್ಕೆ ಬಿಸುಪನ್ನು ಒದಗಿಸುತ್ತದೆ, ಅಷ್ಟೆ. ಪ್ರಶ್ನೆ ಅಡೆ ಹಾಕಿದುದು ಸರಿಯೇ ಎಂಬುದಲ್ಲ, ಒಳಗಿನ ಕಾಯಿ ಬಲಿತಿತ್ತೇ ಎಂಬುದು.

ಇನ್ನು ಆಸ್ವಾದ. ಐದು ಗ್ರಾಂ ಎಲೆಗೆ ಕುದಿನೀರೆರೆದು ಮೊದಲ ನೀರನ್ನು ಚೆಲ್ಲುವುದು ಪದ್ಧತಿ. ಎರಡನೆಯ ನೀರಿನಲ್ಲಿ ಬಣ್ಣ ಕಷಾಯದಂತೆ ಕಡುಗೆಂಪು. ವಾಸನೆ ಮಾತ್ರ ನೆನೆದ ಗೋಣಿಯದು, ಮುಚ್ಚಿಟ್ಟ ಕೋಣೆಯದು. ಇದು ರಾಶಿಯ ಘಾಟು, ಎಳೆತನದ ಗುರುತು. ಮೂರನೆಯ ನೀರಿನಲ್ಲಿ ಘಾಟು ಇಳಿದು ನಾಲಗೆಯ ಮೇಲೆ ಒಂದು ನುಣುಪು, ಗಂಟಲಲ್ಲಿ ಹಳೆಯ ಬೆಲ್ಲದ ಮಂದವಾದ ಸಿಹಿ. ಐದನೆಯದಕ್ಕೆ ತಿರುಳು ಮುಗಿದು ಬಣ್ಣವಷ್ಟೇ ಉಳಿಯುತ್ತದೆ. ಬೆಲೆಯುಳ್ಳ ಎಲೆಯಲ್ಲಿ ಕಾಣುವ ಪದರಗಳು ಇಲ್ಲಿಲ್ಲ. ಇರುವುದು ಒಂದೇ ಸ್ವರ.

ರಾಯದುರ್ಗದ ಹೋಟಲಿನ ಚಹಕ್ಕೆ ಪಳಗಿದ ನಾಲಗೆ ಇದನ್ನು ಸಪ್ಪೆಯೆಂದೀತು. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ರೂಢಿಗೆ ಬಂದ, ಎಲೆಯನ್ನು ಅರೆದು ಹರಿದು ಸುರುಳಿಸುವ ಯಂತ್ರದ ಚಹಪುಡಿ ಹಾಲನ್ನೂ ಸಕ್ಕರೆಯನ್ನೂ ಎದುರಿಸಿ ನಿಲ್ಲಲೆಂದೇ ಹುಟ್ಟಿದ್ದು. ಒಗರೇ ಅದರ ಬಲ. ಕನ್ನಡದ ಒಗರು, ತೆಲುಗಿನ ವಗರು. ಎರಡು ನುಡಿಯ ಈ ಊರಿನಲ್ಲಿ ಈ ರುಚಿಗೆ ಹೆಸರೂ ಹೆಚ್ಚುಕಡಿಮೆ ಒಂದೇ. ಆದರೆ ಒಗರನ್ನು ಕಳೆಯುವುದನ್ನೇ ಗುರಿಯಾಗುಳ್ಳ ಚಹವನ್ನು ಒಗರಿಲ್ಲವೆಂದು ಹಳಿಯುವುದು, ಭಾವಗೀತೆಯಲ್ಲಿ ಯುದ್ಧವರ್ಣನೆ ಇಲ್ಲವೆಂದು ದೂರಿದಂತೆ. ಹೊಸ ಹುಣಸೆಗೂ ಕಪ್ಪಾದ ಹಳೆ ಹುಣಸೆಗೂ ಇರುವ ಅಂತರವನ್ನು ಬಲ್ಲ ಮಡಕಶಿರಾ, ಹಿಂದೂಪುರದ ಸೀಮೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹಾಗಾದರೆ ತೀರ್ಪೇನು? ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಒಂಬತ್ತು ಪಾಕಗಳನ್ನು ಎಣಿಸಿ, ಒಂದೊಂದನ್ನೂ ಮೊದಲ ರುಚಿ, ಕೊನೆಯ ರುಚಿ ಎಂದು ಎರಡು ಕಡೆಯಿಂದ ಅಳೆದಿದ್ದಾನೆ. ಬೇವು, ಬದನೆ, ಅಡಕೆಯ ಪಾಕಗಳು ತ್ಯಾಜ್ಯ. ದ್ರಾಕ್ಷಿ, ಮಾವು, ತೆಂಗಿನವು ಗ್ರಾಹ್ಯ. ಬೋರೆ, ಹುಣಸೆ, ಸೌತೆಯವು ಸಂಸ್ಕಾರಯೋಗ್ಯ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದುಂಟು. ಅಡಕೆಯ ಪಾಕ ಸವಿಯಾಗಿ ತೊಡಗಿದರೂ ಕೊನೆ ಕೆಟ್ಟಿತೆಂದು ತ್ಯಾಜ್ಯವಾಯಿತು. ದ್ರಾಕ್ಷಿಯದು ಅಸ್ವಾದುವಾಗಿ ತೊಡಗಿದರೂ ಕೊನೆ ಸವಿಯೆಂದು ಗ್ರಾಹ್ಯವಾಯಿತು. ಕೊನೆಯ ರುಚಿಯೇ ಪ್ರಮಾಣ.

ಈ ಅಳತೆಯಲ್ಲಿ ನಮ್ಮ ಚಹ ಬದರೀಪಾಕದ್ದು: ಮೊದಲು ಅಸ್ವಾದು, ಕೊನೆಗೆ ಮಧ್ಯಮ. ಬಿಲ್ಲೆಯನ್ನು ಬಿಡಿಸಿ ಕೆಲವು ತಿಂಗಳು ಗಾಳಿಯಾಡುವಲ್ಲಿಟ್ಟರೆ ಘಾಟು ತಗ್ಗುತ್ತದೆ. ಎಲೆಯಲ್ಲಿಲ್ಲದ ತಿರುಳು ಮಾತ್ರ ಎಷ್ಟು ಕಾದರೂ ಬಾರದು. ಎಳೆತನದ ದೋಷ ಬೇರೆ, ಬಡತನದ ದೋಷ ಬೇರೆ. ದೂರದೇಶದ್ದೆಂದು ಹೊಗಳುವವನೂ ಅಗ್ಗದ್ದೆಂದು ತೆಗಳುವವನೂ ಇವೆರಡನ್ನು ಬೇರ್ಪಡಿಸಲಾರರು. ತರುಣ ಕವಿಯ ಮೊದಲ ಸಂಕಲನವನ್ನು ಮೊದಲ ಪುಟದ ಘಾಟಿಗೇ ಮುಚ್ಚಿಡುವ ವಿಮರ್ಶಕನೂ ಅದೇ ಪಂಕ್ತಿಯವನು. ಅವನು ಚೆಲ್ಲಬೇಕಾದುದು ಮೊದಲ ನೀರನ್ನು, ಎಲೆಯನ್ನಲ್ಲ.