ಮೂರನೇ ಮಹಡಿಯ ಗರಡಿ

ಪಂಚಿಂಗ್ ಬ್ಯಾಗ್ ಮಾರುವವರು ಡಬ್ಬಿ ಮೇಲೆ ಎಲ್ಲಾ ಬರೆದಿರ್ತಾರೆ. ತೂಕ ಎಷ್ಟು, ಉದ್ದ ಎಷ್ಟು, ಸರಪಳಿ ಎಷ್ಟು ಭಾರ ತಡೆಯುತ್ತೆ, ಎಲ್ಲಾ. ಕೆಳಗಿನ ಮನೆಯವರ ಬಗ್ಗೆ ಮಾತ್ರ ಒಂದಕ್ಷರ ಇರೋದಿಲ್ಲ. ಬೆಂಗಳೂರಿನ ನನ್ನ ಬಾಡಿಗೆ ಫ್ಲ್ಯಾಟ್ ಮೂರನೇ ಮಹಡಿಯಲ್ಲಿದೆ. ಕರಾಟೆ ಕ್ಲಾಸಿಗೆ ಸೇರಿದ ಹೊಸ ಹುಮ್ಮಸ್ಸಿನಲ್ಲಿ ಬ್ಯಾಗ್ ತರಿಸಿ, ಛಾವಣಿಗೆ ಕೊಕ್ಕೆ ಹೊಡೆಸಿ, ಬೆಳಗ್ಗೆ ಐದೂವರೆಗೆ ಗುದ್ದೋಕೆ ನಿಂತೆ. ನಾಲ್ಕನೇ ದಿನ ಕೆಳಗಿನ ಮನೆಯವರು ಬಾಗಿಲಿಗೆ ಬಂದರು. ಅವರು ಆಸ್ಪತ್ರೆಯಲ್ಲಿ ನರ್ಸ್, ಮಧ್ಯಾಹ್ನದ ಪಾಳಿ ಮುಗಿಸಿ ಮನೆ ಸೇರುವಾಗ ರಾತ್ರಿ ಹನ್ನೊಂದು. "ಸಾರ್, ನಿಮ್ಮ ಎಕ್ಸರ್‌ಸೈಜ್ ಬೇಡ ಅಂತಿಲ್ಲ. ಆದ್ರೆ ನಮ್ಮನೆ ಗೋಡೆ ಎದೆ ಬಡ್ಕೊಂಡಂಗೆ ಬಡ್ಕೊಳ್ತದೆ." ಸಂಜೆ ಮೇಲಿನ ಮನೆಯವರೂ ಬಂದರು. ಕೊಕ್ಕೆ ಇರೋದು ಅವರ ನೆಲದಲ್ಲಿ ತಾನೇ! ಒಂದೇ ಬ್ಯಾಗಿಗೆ ಎರಡು ಮನೆಯ ನಿದ್ದೆ ಹೋಗಿತ್ತು.

ನಾನು ಮೊದಲು ಮಾಡಿದ ಕೆಲಸ, ಕಾನೂನು ನನ್ನ ಕಡೆ ಇದೆಯಾ ಅಂತ ಹುಡುಕಿದ್ದು. ನಾಚಿಕೆ ಬಿಟ್ಟು ಹೇಳ್ತಿದ್ದೀನಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ ಅಂದರೆ ಹತ್ತರಿಂದ ಬೆಳಗಿನ ಆರರವರೆಗೆ. ಆದರೆ ಅದು ಗಾಳಿಯಲ್ಲಿ ಬರುವ ಸದ್ದಿನ ಲೆಕ್ಕ. ನನ್ನ ಗುದ್ದು ಹೋಗ್ತಿದ್ದದ್ದು ಕಾಂಕ್ರೀಟಿನ ಒಳಗಿಂದ. ಆ ಸದ್ದು ಕಿವಿಗಿಂತ ಮೊದಲು ಮಂಚಕ್ಕೆ ಗೊತ್ತಾಗುತ್ತೆ.

"ಮ್ಯಾಟ್ ಹಾಕಿಬಿಡಿ" ಅನ್ನೋದು ಎಲ್ಲರ ಉಪದೇಶ. ಹಾಕಿದೆ. ಮಕ್ಕಳ ಆಟದ ತುಂಡುಗಳ ಹಾಗೆ ಒಂದಕ್ಕೊಂದು ಸಿಕ್ಕಿಸುವ, ಬೆರಳು ದಪ್ಪದ ಫೋಮ್ ಮ್ಯಾಟು. ಪಾದದ ಚಟಪಟ ನಿಂತಿತು, ನಿಜ. ಆದರೆ ಎಪ್ಪತ್ತು ಕೆಜಿ ಮೈ ಜಿಗಿದು ಇಳಿದಾಗಿನ ಧಡ್ ಅನ್ನೋ ದಪ್ಪ ಸದ್ದು ಅಷ್ಟು ತೆಳ್ಳನೆ ಫೋಮಿಗೆ ಬಗ್ಗೋದಿಲ್ಲ. ಮ್ಯಾಟ್ ಕಾಪಾಡೋದು ನಮ್ಮ ಮೊಣಕಾಲನ್ನ, ಕೆಳಗಿನವರ ನಿದ್ದೆಯನ್ನಲ್ಲ.

ಬೈಲಹೊಂಗಲ ಕಡೆ ಬೆಳೆದವನಿಗೆ ಇದು ಮೊದಲೇ ಹೊಳೀಬೇಕಿತ್ತು. ನಮ್ಮದು ಮಣ್ಣಿನ ಮಾಳಿಗೆ ಮನೆ. ಮಾಳಿಗೆ ಮೇಲೆ ಹುಡುಗರು ಕುಣಿದರೆ ಕೆಳಗೆ ಉಣ್ಣಾಕ ಕೂತವರ ತಾಟಿನೊಳಗ ಮಣ್ಣು ಉದುರೋದು. "ಯಾವನಲೇ ಅಂವ ಮ್ಯಾಲ?" ಅಂತ ಕಾಕಾ ಒದರಿದರೆ ಮುಗೀತು. ತಪ್ಪಿಗೆ ಸಾಕ್ಷಿ ತಾಟಿನಲ್ಲೇ ಇರ್ತಿತ್ತು. ಕಾಂಕ್ರೀಟ್ ಹಾಗೆ ಏನನ್ನೂ ಉದುರಿಸೋದಿಲ್ಲ, ಅದಕ್ಕೇ ಮೇಲಿದ್ದವರಿಗೆ ತಪ್ಪು ಕಾಣೋದೂ ಇಲ್ಲ.

ಕುಣಿಯೋರಿಗೆ ಗರಡಿ ಇತ್ತು. ಗರಡಿಯ ನಿಜವಾದ ಸಲಕರಣೆ ಗದೆಯಲ್ಲ, ಗುಂಡುಕಲ್ಲಲ್ಲ, ನೆಲ. ನಮ್ಮದು ಎರಿಭೂಮಿ. ಬೇಸಿಗೆಗೆ ಬಿರುಕು ಬಿಡೋದು, ಮಳೆಗಾಲಕ್ಕೆ ಕಾಲು ಕಚ್ಚೋದು. ಅದರಲ್ಲಿ ಕುಸ್ತಿ ಆಗೋದಿಲ್ಲ. ಅದಕ್ಕೇ ಕೆಂಪು ಮಣ್ಣು ತಂದು, ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಶಿನ ಕಲಸಿ ಹದ ಮಾಡೋರು. ಸಾಮಿಗೆ ಮೊದಲು ಸಲಿಕೆ ಹಿಡಿದು ಆ ಮಣ್ಣನ್ನ ಅಗೆದು ಸಡಿಲ ಮಾಡಬೇಕು. ನನ್ನಜ್ಜ ಹೇಳ್ತಿದ್ದ: "ಮಣ್ಣ ಹಸನ ಮಾಡಲಾರದವಗ ಸಾಮು ಯಾತಕ್ಕೋ ತಮ್ಮಾ?" ಆಗ ಅದು ಶಿಸ್ತಿನ ಪಾಠ ಅನ್ನಿಸಿತ್ತು. ಈಗ ನೋಡಿದರೆ ಎಂಜಿನಿಯರಿಂಗ್. ಬಿದ್ದ ಮೈಯ ಪೆಟ್ಟನ್ನು ಗೇಣುದ್ದದ ಸಡಿಲ ಮಣ್ಣು ಅಲ್ಲೇ ನುಂಗಿಬಿಡುತ್ತೆ. ದಂಡ, ಬಸ್ಕಿಗೆ ಉಸಿರಿನ ಸದ್ದಷ್ಟೇ. ಗದೆ ಹೆಗಲ ಸುತ್ತ ತಿರುಗುತ್ತೆ ಹೊರತು ಯಾವುದಕ್ಕೂ ಬಡಿಯೋದಿಲ್ಲ. ಸಂಗ್ರಾಣಿ ಕಲ್ಲು ಬಿದ್ದರೂ ಬೀಳೋದು ನೆಲದ ಮೇಲೆ, ಯಾರ ಛಾವಣಿ ಮೇಲೂ ಅಲ್ಲ. ಹಲಗಿ, ಲೇಜಿಮ್ಮು, ಕೇಕೆ ಎಲ್ಲಾ ಜಾತ್ರೆಗೆ, ಕುಸ್ತಿ ಕಣಕ್ಕೆ.

ಸಾಮು ಅಂದರೆ ಅಬ್ಬರ ಅಂತ ನಮಗೆ ಕಲಿಸಿದ್ದು ಸಿನಿಮಾ. ನಮ್ಮ ತಾಲ್ಲೂಕಿನ ಸಂಗೊಳ್ಳಿಯ ರಾಯಣ್ಣನನ್ನೇ ತಗೊಳ್ಳಿ. 1824ರ ಕಿತ್ತೂರು ಯುದ್ಧದ ನಂತರ ಅವನು ಬ್ರಿಟಿಷರನ್ನ ಕಾಡಿದ್ದು ಗೆರಿಲ್ಲಾ ದಾಳಿಗಳಿಂದ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರುವ ಮುಂಚೆ ಅವನ ದೊಡ್ಡ ಬಲ ಇದ್ದದ್ದು ಸುಳಿವು ಕೊಡದೆ ಬಂದು ಹೋಗೋದರಲ್ಲಿ. ತೆರೆ ಮೇಲಿನ ರಾಯಣ್ಣ ಮಾತ್ರ ಗುಡುಗುತ್ತಾನೆ. ನಾವು ಬ್ಯಾಗ್ ಕೊಳ್ಳೋದು ಆ ಗುಡುಗಿಗೆ, ಆ 'ಢಬ್' ಅನ್ನೋ ಸುಖಕ್ಕೆ. ನಾನೂ ಅದಕ್ಕೇ ಕೊಂಡದ್ದು.

ಹಾಗಂತ ಗರಡಿಯನ್ನ ಹೊತ್ತು ಮೆರೆಸೋಕೆ ನಾನು ತಯಾರಿಲ್ಲ. ನಮ್ಮೂರ ಗರಡಿಯಲ್ಲಿ ಹೆಂಗಸರಿಗೆ ಪ್ರವೇಶ ಇರಲಿಲ್ಲ. ನನ್ನ ಕೆಳಗಿನ ಮನೆಯ ನರ್ಸ್ ಅಲ್ಲಿ ಹುಟ್ಟಿದ್ದರೆ ಹೊಸ್ತಿಲಲ್ಲೇ ನಿಲ್ಲಿಸೋರು. ಇವತ್ತು ಸವದತ್ತಿಯಿಂದಲೋ ರಾಮದುರ್ಗದಿಂದಲೋ ಕೆಲಸಕ್ಕೆ ಬಂದ ಹುಡುಗಿ ತನ್ನ ಹತ್ತು ಬೈ ಹನ್ನೆರಡರ ಕೋಣೆಯಲ್ಲಿ ಬಾಗಿಲು ಹಾಕ್ಕೊಂಡು ಒದೆತ ಕಲಿಯೋದಾದರೆ, ಆ ಕೋಣೆಯೇ ಅವಳ ಗರಡಿ. ಅದಕ್ಕೇ "ಫ್ಲ್ಯಾಟಿನಲ್ಲಿ ಇದೆಲ್ಲ ಯಾಕೆ, ಜಿಮ್ಮಿಗೆ ಹೋಗಿ" ಅನ್ನೋರ ಮಾತನ್ನೂ ನಾನು ಒಪ್ಪೋದಿಲ್ಲ. ಜಿಮ್ ಫೀಸು, ರಾತ್ರಿ ಒಬ್ಬಳೇ ವಾಪಸ್ ಬರೋ ದಾರಿ, ಎರಡೂ ಆ ಮಾತಿನಲ್ಲಿ ಮರೆತುಹೋಗಿರುತ್ತೆ.

ಈಗ ಬ್ಯಾಗ್ ಮಾರಿ ಕೊಕ್ಕೆಯ ತೂತಿಗೆ ಸಿಮೆಂಟ್ ಮೆತ್ತಿದ್ದೇನೆ. ಊರಿಂದ ಒಂದು ಕಟ್ಟಿಗೆ ಗದೆ ತಂದೆ. ಮೊದಲ ವಾರ ಫ್ಯಾನಿನ ರೆಕ್ಕೆಯೊಂದು ಬಲಿಯಾಯಿತು, ಆಮೇಲೆ ಕೈ ಕುದುರಿತು. ಕಟಾಗಳನ್ನ ಬರಿಗಾಲಲ್ಲಿ, ಅರ್ಧ ವೇಗದಲ್ಲಿ ಮಾಡ್ತೀನಿ. ನಿಧಾನ ಮಾಡಿದಾಗಲೇ ಗೊತ್ತಾದದ್ದು, ನನ್ನ ಸದ್ದಿನಲ್ಲಿ ಅರ್ಧ ಬರೀ ಸಮತೋಲ ತಪ್ಪಿದ್ದು ಅಂತ. ಹಿಮ್ಮಡಿ ಧಡ್ ಅಂದರೆ ಮೈಭಾರ ಎಲ್ಲೋ ಜಾರಿದೆ ಅಂತಲೇ ಅರ್ಥ. ಜಿಗಿತ, ಗುದ್ದು ಎಲ್ಲಾ ಭಾನುವಾರ ಪಾರ್ಕಿಗೆ. ಗುದ್ದಿನ ಆಸೆ ತೀರಿದೆ ಅಂದರೆ ಸುಳ್ಳಾಗುತ್ತೆ.

ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಟ್ರೆಡ್‌ಮಿಲ್ ಇದೆ, ಬಿಲಿಯರ್ಡ್ಸ್ ಟೇಬಲ್ ಇದೆ. ಅದರ ಹಿಂದೆ ಹತ್ತಡಿ ಜಾಗ ಖಾಲಿ ಬಿದ್ದಿದೆ. ಅಲ್ಲಿ ಒಂದೆರಡು ಲೋಡು ಕೆಂಪು ಮಣ್ಣು ಹಾಕಿಸೋಣ, ಯಾರು ಬೇಕಾದರೂ ಬರಲಿ ಅಂತ ಸಭೆಯಲ್ಲಿ ಕೇಳಿದೆ. ನರ್ಸ್ ಕೂಡ ಕೈ ಎತ್ತಿದರು. ಕಮಿಟಿಯವರು ತುಂಬಾ ಮರ್ಯಾದೆಯಿಂದಲೇ ಹೇಳಿದರು: "ಐಡಿಯಾ ಚೆನ್ನಾಗಿದೆ ಸಾರ್. ಆದ್ರೆ ಕಾಲಿಗಂಟಿದ ಮಣ್ಣಿಂದ ಲಿಫ್ಟ್ ಗಲೀಜಾಗುತ್ತಲ್ಲ."